‘ಸುಮ್ನೆ ಕೂತ್ಕೊಮ್ಮ’ ಅನ್ನಬೇಡಿ

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 74 ವರ್ಷ. ಅಪ್ಪ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಭಾನುವಾರ ಊರಿಗೆ ಹೋಗಿ ಬರುತ್ತೇನೆ. ಹೋದ ತಿಂಗಳು ರಾತ್ರಿ ಬಚ್ಚಲಿಗೆ ಹೋಗುವಾಗ ಅಮ್ಮ ಬಿದ್ದರು. ಮೂಳೆಗೆ ಏನೂ ಆಗಿಲ್ಲ, ಸೊಂಟದ ಪಕ್ಕ ಕಪ್ಪಗೆ ಕಂದಿತ್ತು. ಬೆಳಗಾಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ. ಬಿಪಿ, ಶುಗರ್ ಮಾತ್ರೆ ತಗೊಳ್ಳುತ್ತಾರೆ. ನಿದ್ದೆ ಬರಲ್ಲ ಅಂತ ಇನ್ನೊಂದು ಮಾತ್ರೆಯನ್ನೂ ನುಂಗುತ್ತಾರೆ. ಮನೆಯಲ್ಲಿ ಒಂದು ಹಸು ಇದೆ, ಡೇರಿಗೆ ಹಾಲು ಹಾಕುತ್ತಾರೆ. ಬೆಂಗಳೂರಿಗೆ ಬಾಮ್ಮ ಅಂದರೆ ಒಪ್ಪುವುದಿಲ್ಲ. ಹಸು ಮಾರಿಸಿ, ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿಬಿಡಲಾ? ಬಲವಂತವಾಗಿ ಕರೆದುಕೊಂಡು ಬರಲಾ? ಮನೆಗೆ ಕ್ಯಾಮೆರಾ ಹಾಕಿಸಲಾ?

ಉತ್ತರ: ಹಸು ಮಾರಬೇಡಿ. ಮಿಕ್ಕಿದ್ದನ್ನೆಲ್ಲ ಆಮೇಲೆ ಹೇಳುತ್ತೇನೆ, ಇದೊಂದನ್ನು ಮೊದಲು ಹೇಳಿಬಿಡುತ್ತೇನೆ.

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೇ ಹೋಗಿ ವಯಸ್ಸಾದವರನ್ನು ನೋಡುವುದು ನನ್ನ ಕೆಲಸ. ಅಮ್ಮ ಬಿದ್ದ ಮಾರನೇ ವಾರವೇ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಮಕ್ಕಳದ್ದು ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹಸು ಹೋದ ಮೇಲೆ ಆ ಅಮ್ಮ ಐದು ಗಂಟೆಗೆ ಏಳುವುದನ್ನು ಬಿಡುತ್ತಾರೆ. ಡೇರಿವರೆಗೆ ನಡೆಯುವುದು ನಿಲ್ಲುತ್ತದೆ. ಬಗ್ಗಿ ಏಳುವುದು ನಿಲ್ಲುತ್ತದೆ. ಡೇರಿ ಹತ್ತಿರ ನಾಲ್ಕು ಜನರ ಜೊತೆ ಆಡುತ್ತಿದ್ದ ಮಾತೂ ನಿಲ್ಲುತ್ತದೆ. ಕಾಲಿನ ಶಕ್ತಿ ಕರಗುತ್ತಾ ಹೋಗಿ ಇನ್ನೊಂದು ಸಲ ಬೀಳುತ್ತಾರೆ. ಆ ಸಲ ಬರೀ ಕಪ್ಪಗೆ ಕಂದಿ ಬಿಡುತ್ತದೆ ಅಂತ ಹೇಳುವ ಹಾಗಿಲ್ಲ.

ನಾನೂ ಇದೇ ತಪ್ಪು ಮಾಡಿದ್ದೇನೆ. ನನ್ನ ಅಮ್ಮ ಅಂಗಳದಲ್ಲಿ ಕಾಲು ಜಾರಿ ಬಿದ್ದಾಗ 71 ವರ್ಷ. ನಾವು ಮಕ್ಕಳೆಲ್ಲ ಸೇರಿ ‘ನೀನು ಸುಮ್ನೆ ಕೂತ್ಕೊಮ್ಮ’ ಅಂದೆವು. ಕಾಫಿ ಕುರ್ಚಿಗೆ ಬಂತು, ತಟ್ಟೆ ಕುರ್ಚಿಗೆ ಬಂತು. ಐದು ತಿಂಗಳಾದ ಮೇಲೆ ಒಂದು ದಿನ ಕಮೋಡಿನ ಮೇಲಿಂದ ಏಳಲು ಆಗದೆ ಅಮ್ಮ ನನ್ನನ್ನು ಕೂಗಿದರು. ಎರಡೂ ಕೈಯಲ್ಲಿ ಗೋಡೆ ಒತ್ತಿ ಹಿಡಿದಿದ್ದರು, ತೊಡೆ ಗಡಗಡ ನಡುಗುತ್ತಿತ್ತು. ಕಲಿತ ವಿದ್ಯೆಯೆಲ್ಲ ಇದ್ದೂ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ವಯಸ್ಸಾದವರು ಹತ್ತು ದಿನ ಹಾಸಿಗೆ ಹಿಡಿದರೆ ಸಾಕು, ಕಾಲಿನ ಮಾಂಸಖಂಡ ಒಂದು ಕೆಜಿಯಷ್ಟು ಕರಗಬಹುದು. ಅದನ್ನು ಮತ್ತೆ ಗಳಿಸಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಅಮ್ಮನನ್ನು ಕೂರಿಸುವ ಯೋಚನೆ ಬಿಡಿ. ಅವರು ಓಡಾಡಿಕೊಂಡಿರುವ ಹಾಗೆ ಮನೆಯನ್ನೂ ಮಾತ್ರೆಗಳನ್ನೂ ಸರಿಮಾಡೋಣ.

ಹಸುವಿನ ವಿಷಯ ಮುಗಿಸಿಬಿಡುತ್ತೇನೆ. ಅಪಾಯ ಇರುವುದು ಎರಡು ಕಡೆ. ಹಗ್ಗ ಹಿಡಿದು ಹಸುವನ್ನು ಆಚೆ ಕಟ್ಟುವಾಗ ಅದು ಎಳೆದರೆ ಅಮ್ಮ ಮುಗ್ಗರಿಸುತ್ತಾರೆ. ಗಂಜಳ ನಿಂತ ಕೊಟ್ಟಿಗೆಯಲ್ಲಿ ಕಾಲು ಜಾರುತ್ತದೆ. ಹಗ್ಗ ಹಿಡಿಯುವುದು, ಸಗಣಿ ಬಾಚುವುದು, ಈ ಎರಡು ಕೆಲಸವನ್ನು ಪಕ್ಕದ ಮನೆಯವರಿಗೋ ಊರಿನ ಯಾರಾದರೂ ಹುಡುಗನಿಗೋ ತಿಂಗಳ ಲೆಕ್ಕದಲ್ಲಿ ವಹಿಸಿ. ಮೇವು ಹಾಕುವುದು, ಹಾಲು ಕರೆಯುವುದು, ಡೇರಿಗೆ ಹೋಗುವುದು ಅಮ್ಮನಿಗೇ ಇರಲಿ.

ಈಗ ಬಿದ್ದ ವಿಷಯ. ಯಾರನ್ನು ಕೇಳಿದರೂ ‘ಜಾರಿ ಬಿದ್ದೆ’ ಅನ್ನುತ್ತಾರೆ. ಹಾಗೆ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಮಕ್ಕಳು ಆಸ್ಪತ್ರೆಗೆ ಎಳೆದುಕೊಂಡು ಹೋಗುವುದಿಲ್ಲ, ಅಲ್ವಾ? ನೀವು ಪಕ್ಕ ಕೂತು ನಿಧಾನವಾಗಿ ಕೇಳಿ. ಎಷ್ಟು ಹೊತ್ತಿನಲ್ಲಿ? ಮಂಚದಿಂದ ಎದ್ದ ತಕ್ಷಣವೋ, ನಾಲ್ಕು ಹೆಜ್ಜೆ ನಡೆದ ಮೇಲೋ? ಕಣ್ಣು ಕತ್ತಲೆ ಬಂತಾ? ಬೆವರಿತ್ತಾ? ಸೀರೆ ಕಾಲಿಗೆ ಸಿಕ್ಕಿತಾ? ನೆಲ ಒದ್ದೆ ಇತ್ತಾ? ನಿದ್ದೆ ಮಾತ್ರೆ ನುಂಗಿ ಎಷ್ಟು ಹೊತ್ತಾಗಿತ್ತು? ಇದಕ್ಕೂ ಮುಂಚೆ ನಮಗೆ ಹೇಳದೆ ಎಷ್ಟು ಸಲ ಬಿದ್ದಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ಬರುವವರೆಗೆ ಎದ್ದೇಳಬೇಡಿ.

ಎದ್ದ ತಕ್ಷಣ ಬಿದ್ದಿದ್ದರೆ ನನಗೆ ಮೊದಲ ಅನುಮಾನ ಬಿಪಿ ಮೇಲೆ. ಮಲಗಿದ್ದಾಗ ಸರಿಯಾಗಿರುವ ಬಿಪಿ, ಎದ್ದು ನಿಂತಾಗ ದಿಢೀರ್ ಅಂತ ಕುಸಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ತಲೆ ತಿರುಗುತ್ತದೆ. ಬಿಪಿ ಮಾತ್ರೆ ಜಾಸ್ತಿಯಾದರೂ ಹೀಗಾಗುತ್ತದೆ, ಹಳೇ ಸಕ್ಕರೆ ಕಾಯಿಲೆಯಿಂದ ನರಗಳು ಸೋತಿದ್ದರೂ ಆಗುತ್ತದೆ, ನೀರು ಕುಡಿಯದಿದ್ದರೂ ಆಗುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮೆಷಿನ್ ಒಂದು ತೆಗೆದುಕೊಳ್ಳಿ. ಅಮ್ಮ ಐದು ನಿಮಿಷ ಮಲಗಿರಲಿ, ಒಮ್ಮೆ ನೋಡಿ. ಎದ್ದು ನಿಲ್ಲಿಸಿ, ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ನಿಲ್ಲಿಸಿದಾಗ ನೀವು ಪಕ್ಕದಲ್ಲೇ ಇರಬೇಕು. ಮೇಲಿನ ಸಂಖ್ಯೆ 20, ಅಥವಾ ಕೆಳಗಿನದು 10 ಇಳಿದಿದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಹತ್ತಿರ ಹೋಗಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಅದು ಇನ್ನೊಂದು ಅನಾಹುತಕ್ಕೆ ದಾರಿ. ಅಲ್ಲಿಯವರೆಗೆ ಅಮ್ಮ ಒಂದು ಅಭ್ಯಾಸ ಮಾಡಿಕೊಳ್ಳಲಿ. ಎಚ್ಚರವಾದಾಗ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಬೇಕು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಬೇಕು, ಆಮೇಲೆ ಏಳಬೇಕು. ನಾನು ನೋಡುವ ಅಜ್ಜಿಯೊಬ್ಬರು ಆ ಹೊತ್ತಿಗೆ ನಿಧಾನವಾಗಿ ಮನೆದೇವರ ಹೆಸರನ್ನು 21 ಸಲ ಹೇಳಿಕೊಂಡು ಏಳುತ್ತಾರೆ. ಗಡಿಯಾರಕ್ಕಿಂತ ಅದೇ ಚೆನ್ನಾಗಿದೆ.

ನಿದ್ದೆ ಮಾತ್ರೆಯ ಬಗ್ಗೆ ನನಗೆ ನಿಜವಾಗಲೂ ಭಯ ಇದೆ. ಆಲ್‌ಪ್ರಜೋಲಾಮ್, ಕ್ಲೋನಾಜೆಪಾಮ್ ಥರದ ಮಾತ್ರೆಗಳು ವಯಸ್ಸಾದವರ ಮೈಯಲ್ಲಿ ಬೇಗ ಕರಗಿಹೋಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದಾಗ ಅರ್ಧ ಮತ್ತಿನಲ್ಲೇ ಹೆಜ್ಜೆ ಇಡುತ್ತಾರೆ. ಇವನ್ನು ಚೀಟಿ ಇಲ್ಲದೆ ಕೊಡುವಂತೆಯೇ ಇಲ್ಲ. ಆದರೆ ತಿಂಗಳುಗಟ್ಟಲೆ ತಗೊಂಡಿದ್ದರೆ ಇವತ್ತೇ ಕಿತ್ತು ಬಿಸಾಡಬೇಡಿ. ಒಮ್ಮೆಗೇ ಬಿಟ್ಟರೆ ಗಾಬರಿ, ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ನೆಗಡಿ, ತುರಿಕೆಗೆ ಕೊಡುವ ಅವಿಲ್‌ನಂಥ ಮಾತ್ರೆಗಳಿಗೂ ಇದೇ ಮಂಪರು ಇದೆ. ಮಂಡಿ ನೋವಿಗೆ ಅಂತ ಆಗಾಗ ನುಂಗುವ ಡೈಕ್ಲೋಫೆನಾಕ್ ಬಿಪಿ ಏರಿಸುತ್ತದೆ, ಕಿಡ್ನಿ ಕೆಡಿಸುತ್ತದೆ. ಒಂದು ಕೆಲಸ ಮಾಡಿ. ಮನೆಯಲ್ಲಿರುವ ಎಲ್ಲಾ ಮಾತ್ರೆಗಳನ್ನೂ ಒಂದು ಕವರಿಗೆ ಸುರಿದುಕೊಂಡು, ನಾಟಿ ಔಷಧಿ, ಕಷಾಯದ ಪುಡಿ ಸಮೇತ, ಒಬ್ಬರೇ ವೈದ್ಯರ ಮೇಜಿನ ಮೇಲೆ ಇಡಿ. ಒಂದೇ ಔಷಧಿಯನ್ನು ಎರಡು ಕಂಪನಿ ಹೆಸರಿನಲ್ಲಿ ಎರಡು ಸಲ ನುಂಗುತ್ತಿದ್ದವರನ್ನು ನಾನು ಕಂಡಿದ್ದೇನೆ.

ಶುಗರ್ ಮಾತ್ರೆ ಯಾವುದು ಅಂತಲೂ ನೋಡಿಸಿ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ತಗೊಂಡು ಶನಿವಾರ ಒಪ್ಪೊತ್ತು, ಏಕಾದಶಿ ಉಪವಾಸ ಮಾಡಿದರೆ ಸಕ್ಕರೆ ಅಂಶ ತೀರಾ ಇಳಿಯುತ್ತದೆ. ಬೆವರು, ನಡುಕ, ಮಂಕು ಬಂದು, ಶುಗರ್ ನೋಡುವ ಮಿಷನ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಉಪವಾಸ ಬಿಡಿ ಅಂತ ನಾನು ಹೇಳುವುದಿಲ್ಲ. ಉಪವಾಸದ ದಿನ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ಇನ್ನು ಮನೆ. ಮುಂದಿನ ಶನಿವಾರ ರಾತ್ರಿಯೇ ಊರಿಗೆ ಹೋಗಿ. ದೀಪ ಆರಿಸಿ ಅಮ್ಮನ ಮಂಚದ ಮೇಲೆ ನೀವೇ ಮಲಗಿ. ಆಮೇಲೆ ಎದ್ದು, ಫೋನ್ ಟಾರ್ಚ್ ಹಾಕದೆ, ಬರಿಗಾಲಲ್ಲಿ ಬಚ್ಚಲವರೆಗೆ ನಡೆದು ನೋಡಿ. ಸ್ವಿಚ್ ಎಲ್ಲಿದೆ? ಮಂಚದಿಂದ ಕೈಗೆ ಸಿಗುತ್ತದಾ? ಕಾಲು ನೆಲಕ್ಕೆ ಮುಟ್ಟುತ್ತದಾ, ಇಲ್ಲ ಮಂಚ ಎತ್ತರವಾಯಿತಾ? ಬಾಗಿಲ ಹಿಂದೆ ಹಿಂಡಿ ಮೂಟೆ ಇದೆಯಾ? ಎಷ್ಟು ಹೊಸ್ತಿಲು ದಾಟಿದಿರಿ? ಒಂದು ಮನೆಯಲ್ಲಿ ನಾನು ಹೀಗೆ ನಡೆದಾಗ ಹದಿನೆಂಟು ಹೆಜ್ಜೆಗೆ ಮೂರು ಹೊಸ್ತಿಲು, ಒಂದು ಮೆಟ್ಟಿಲು, ಮಧ್ಯದಲ್ಲಿ ಗೋಣಿಚೀಲದ ಕಾಲೊರಸು ಸಿಕ್ಕಿತು. ಆ ಕಾಲೊರಸನ್ನು ತೆಗೆಸಿದ್ದೇ ಆವತ್ತಿನ ದೊಡ್ಡ ಚಿಕಿತ್ಸೆ. ಹೊಸ್ತಿಲಿಗೆ ಅರಿಶಿನ ಹಚ್ಚುತ್ತಾರಲ್ಲ, ಹಗಲು ಅದು ಕಣ್ಣಿಗೆ ಹೊಡೆಯುತ್ತದೆ. ರಾತ್ರಿಗೆ ಅದರ ಪಕ್ಕದಲ್ಲೇ ಮಿನುಗುವ ರೇಡಿಯಂ ಪಟ್ಟಿ ಅಂಟಿಸಿ. ದಾರಿಯುದ್ದಕ್ಕೂ ರಾತ್ರಿಯಿಡೀ ಉರಿಯುವ ಸಣ್ಣ ಎಲ್‌ಇಡಿ ದೀಪ ಎರಡು ಹಾಕಿ. ಕರೆಂಟ್ ಹೋದರೂ ಉರಿಯುವ ಚಾರ್ಜಿಂಗ್ ಬಲ್ಬ್ ಒಂದು ಇರಲಿ, ದಿಂಬಿನ ಪಕ್ಕ ಟಾರ್ಚ್ ಇರಲಿ.

ಬಚ್ಚಲಿನ ಮೇಲೆ ಜಾಸ್ತಿ ಗಮನ ಕೊಡಿ. ಹಂಡೆ ಪಕ್ಕದ ಕಲ್ಲು ಯಾವಾಗಲೂ ಒದ್ದೆ, ಅಂಚಿನಲ್ಲಿ ಪಾಚಿ. ಬ್ಲೀಚಿಂಗ್ ಪುಡಿ ಹಾಕಿ ವಾರಕ್ಕೊಮ್ಮೆ ಉಜ್ಜಿಸಿ. ಕೂತು ಸ್ನಾನ ಮಾಡಲು ಕಾಲಿಗೆ ರಬ್ಬರ್ ಇರುವ ಗಟ್ಟಿ ಸ್ಟೂಲ್ ಬೇಕು. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡ, ಒದ್ದೆ ನೆಲದಲ್ಲಿ ಅದರ ಕಾಲೇ ಜಾರುತ್ತದೆ. ಹಿಡಿದು ಏಳಲು ಸ್ಟೀಲ್ ಕಂಬಿ ಬೇಕು, ನೆಲದಿಂದ 33ರಿಂದ 36 ಅಂಗುಲ ಎತ್ತರದಲ್ಲಿ. ಟವೆಲ್ ಹಾಕುವ ರಾಡು, ನಲ್ಲಿ, ಬಕೆಟ್ ಯಾವುದೂ ಮನುಷ್ಯರ ಭಾರ ತಡೆಯುವುದಿಲ್ಲ. ನಿಮ್ಮದು ಮಣ್ಣಿನ ಗೋಡೆಯೋ ಹಾಲೋ ಬ್ಲಾಕೋ ಆಗಿದ್ದರೆ ಸ್ಕ್ರೂ ನಿಲ್ಲುವುದಿಲ್ಲ. ಮುಳಬಾಗಿಲಿನ ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಪೈಪನ್ನು ಬಾಗಿಸಿ, ಎರಡೂ ಕಾಲನ್ನು ನೆಲದಲ್ಲಿ ಕಾಂಕ್ರೀಟ್ ಹಾಕಿ ಹೂತುಬಿಡಿ. ಹಾಕಿಸಿದ ಮೇಲೆ ನೀವೇ ಜೋತುಬಿದ್ದು ನೋಡಿ. ಬಾಗಿಲ ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಿರಲಿ. ಕೂತು ಏಳುವ ಕಕ್ಕಸಾದರೆ ಅದರ ಮೇಲೆ ಇಡುವ ಕಮೋಡ್ ಸ್ಟೂಲ್ ಸಿಗುತ್ತದೆ.

ಕಕ್ಕಸು ಅಂಗಳದ ಆಚೆ ಇದ್ದರೆ ರಾತ್ರಿಗೆ ಮಾತ್ರ ಮಂಚದ ಪಕ್ಕ ಕಮೋಡ್ ಕುರ್ಚಿ ಇಡುವುದು ಒಳ್ಳೆಯದು. ಅಮ್ಮನಿಗೆ ನಾಚಿಕೆ ಆಗುತ್ತದೆ, ಖಂಡಿತ ಬೇಡ ಅನ್ನುತ್ತಾರೆ. ನೀವು ಹೇಳುವುದಕ್ಕಿಂತ ನಿಮ್ಮ ಅಕ್ಕನೋ ಹೆಂಡತಿಯೋ ಚಿಕ್ಕಮ್ಮನೋ ಹೇಳಲಿ. ಇನ್ನೊಂದು ಗುಟ್ಟು ನಿಮಗೆ ಗೊತ್ತಿರಲಿ. ರಾತ್ರಿ ಏಳಬೇಕಾಗುತ್ತದೆ ಅಂತ ಎಷ್ಟೋ ಅಮ್ಮಂದಿರು ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಅದು ನೇರ ತಲೆಸುತ್ತಿಗೆ, ಉರಿಮೂತ್ರಕ್ಕೆ ಹೋಗಿ ಮುಟ್ಟುತ್ತದೆ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಜ್ವರವಿಲ್ಲದೆ ಬರೀ ಮಂಕಾಗಿ, ಹೊತ್ತುಗೊತ್ತು ಇಲ್ಲದೆ ಏನೇನೋ ಮಾತಾಡುವ ಹಾಗೆ ಕಾಣಿಸಿಕೊಳ್ಳಬಹುದು. ‘ವಯಸ್ಸಾಯ್ತು, ಅರಳುಮರಳು’ ಅಂತ ಬಿಟ್ಟುಬಿಡಬೇಡಿ. ನಿನ್ನೆ ಸರಿಯಿದ್ದವರು ಇವತ್ತು ತಪ್ಪು ಮಾತಾಡಿದರೆ ಆವತ್ತೇ ತೋರಿಸಬೇಕು. ನೀರನ್ನು ಬೆಳಗ್ಗೆಯಿಂದ ಸಂಜೆ ಆರರೊಳಗೆ ಜಾಸ್ತಿ ಕುಡಿಸಿ.

ನೀರು ಅಂದಾಗ ಇನ್ನೊಂದು ಮಾತು. ಕೋಲಾರದ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕತ್ತು, ಮಂಡಿ ಬಿಗಿಯುತ್ತವೆ. ಕತ್ತು ತಿರುಗಿಸಿ ಪಕ್ಕ ನೋಡಲಾಗದವರು ಬೀಳುವುದು ಸುಲಭ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುತ್ತಾರೆ, ಆದರೆ ಮುದ್ದೆ ಎಸರಿಗೆ, ಸಾರಿಗೆ ಬೋರ್ ನೀರನ್ನೇ ಇಡುತ್ತಾರೆ. ಅಡುಗೆಗೂ ಆ ಕ್ಯಾನ್ ನೀರೇ ಬೇಕು. ತುಂಬಿದ ಕ್ಯಾನ್ 20 ಕೆಜಿ ಭಾರ, ಅದನ್ನು ಮಾತ್ರ ಅಮ್ಮ ಎತ್ತಕೂಡದು.

ಊಟದ ವಿಷಯಕ್ಕೆ ನಾನು ಹೆಚ್ಚು ಹೇಳುವುದಿಲ್ಲ. ರಾಗಿ ಮುದ್ದೆ ಒಳ್ಳೆಯದೇ, ಸುಣ್ಣದ ಅಂಶ ಚೆನ್ನಾಗಿದೆ. ಕಾಲಿನ ಶಕ್ತಿಗೆ ಅದರ ಜೊತೆ ಕಾಳು ಬೇಕು. ಹುರುಳಿ, ಅವರೆ, ಅಲಸಂದೆ ಬಸ್ಸಾರು ಮಾಡಿದಾಗ ಬರೀ ಕಟ್ಟು ಬಡಿಸಿಕೊಳ್ಳದೆ ಕಾಳನ್ನೂ ತಿನ್ನಲಿ. ಹಸು ಸಾಕುವ ಮನೆಗಳಲ್ಲಿ ಒಂದು ಸಂಕಟ ನೋಡುತ್ತೇನೆ. ಹಾಲೆಲ್ಲ ಡೇರಿಗೆ ಹೋಗಿ, ಅಮ್ಮನಿಗೆ ಕಾಫಿಗೆ ಒಂದು ಲೋಟ ಉಳಿಯುತ್ತದೆ. ದಿನಕ್ಕೆ ಅರ್ಧ ಲೀಟರ್ ಮನೆಗೇ ಇಟ್ಟುಕೊಳ್ಳಬೇಕು ಅಂತ ಅಮ್ಮನ ಹತ್ತಿರ ಹಠ ಮಾಡಿ.

ಬಿದ್ದರೆ ಏನು ಮಾಡಬೇಕು ಅನ್ನುವುದನ್ನೂ ಕಲಿಸಿಡಬೇಕು. ನೋವು ಜಾಸ್ತಿ ಇಲ್ಲದಿದ್ದರೆ ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಮಂಚದವರೆಗೆ ಹೋಗಿ, ಅದನ್ನು ಹಿಡಿದು ಒಂದು ಕಾಲು ಮುಂದಿಟ್ಟು ಏಳುವುದು. ಹಗಲು ನೀವಿರುವಾಗ ಚಾಪೆ ಹಾಸಿ ಒಂದು ಸಲ ಮಾಡಿಸಿ. ಎತ್ತುವವರು ರಟ್ಟೆ ಹಿಡಿದು ಎಳೆಯಬಾರದು.

ಕಾಲು ಊರಲು ಆಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಅದು ಸೊಂಟದ ಮೂಳೆ. ಆಗ 108ಕ್ಕೆ ಫೋನ್ ಮಾಡುವುದು ಬಿಟ್ಟು ಬೇರೆ ಮಾತಿಲ್ಲ. ನಮ್ಮ ಕಡೆ ಮೂಳೆ ಮುರಿದರೆ ನಾಟಿ ಕಟ್ಟು ಕಟ್ಟಿಸುವುದು ರೂಢಿ. ಹೀಗೆ ಸೊಂಟದ ಮೂಳೆ ಮುರಿದ ಒಬ್ಬರು ತಾಯಿಯನ್ನು ನನಗೆ ತೋರಿಸಿದ್ದು ಕಟ್ಟು ಹಾಕಿ ಹನ್ನೆರಡು ದಿನ ಆದ ಮೇಲೆ. ಮಗ್ಗುಲು ಬದಲಿಸಲಾಗದೆ ಬೆನ್ನಿನ ಕೆಳಗೆ ಅಂಗೈಯಗಲ ಹುಣ್ಣಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಮೂಳೆಗಿಂತ ಮೊದಲು ಆ ಎರಡು ಅವರನ್ನು ಕೊಂದವು. ಸೊಂಟದ ಮೂಳೆಗೆ ಒಂದೆರಡು ದಿನದೊಳಗೆ ಆಪರೇಷನ್ ಆಗಿ, ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಬೇಕು. 74 ಆಪರೇಷನ್‌ಗೆ ದೊಡ್ಡ ವಯಸ್ಸಲ್ಲ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಯಾವುದಕ್ಕೆ ಹೋಗುವುದು ಅಂತ ಈಗಲೇ ಮನೆಯವರೆಲ್ಲ ಮಾತಾಡಿಕೊಂಡಿರಿ. ಇನ್ನು ತಲೆಗೆ ಪೆಟ್ಟಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆಯೋ ಆಸ್ಪಿರಿನ್ನೋ ತಗೊಳ್ಳುತ್ತಿದ್ದರೆ, ಆವತ್ತೇ ವೈದ್ಯರಿಗೆ ತೋರಿಸಿ. ಅಲ್ಲಿಗೆ ಬಿಡಬೇಡಿ, ವಾರಗಳವರೆಗೆ ಗಮನವಿಡಿ. ಒಳಗೆ ನಿಧಾನವಾಗಿ ರಕ್ತ ಸೋರಬಹುದು. ತಲೆನೋವು, ವಾಂತಿ, ತೂಕಡಿಕೆ, ಹೆಜ್ಜೆ ತಪ್ಪುವುದು ಕಂಡರೆ ಸ್ಕ್ಯಾನ್ ಆಗಲೇಬೇಕು.

ಬೆಳಗಾಗುವವರೆಗೆ ಯಾರಿಗೂ ಗೊತ್ತಾಗಲಿಲ್ಲ ಅಂದಿರಿ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಅದೇ. ಕ್ಯಾಮೆರಾ ಬಿದ್ದವರನ್ನು ಎತ್ತುವುದಿಲ್ಲ. ಅಮ್ಮ ಒಪ್ಪಿದರೆ ಹೊರಬಾಗಿಲಿಗೆ ಒಂದು ಹಾಕಿ, ಮಲಗುವ ಕೋಣೆಗೆ ಬೇಡ. ಒಂದು ಬಟನ್ ಒತ್ತಿದರೆ ನಿಮಗೆ ಕರೆ ಬರುವ ಕೀಪ್ಯಾಡ್ ಫೋನನ್ನು ಪುಟ್ಟ ಬಟ್ಟೆ ಚೀಲದಲ್ಲಿ ಕೊರಳಿಗೆ ಹಾಕಿ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಅದು ಮೈಮೇಲೇ ಇರಬೇಕು. ಪಕ್ಕದ ಮನೆಯಲ್ಲಿ ಒಂದು ಬೀಗದ ಕೈ ಕೊಟ್ಟಿರಿ. ಇನ್ನು ಡೇರಿ. ಬೆಳಗ್ಗೆ, ಸಂಜೆ ಎರಡು ಹೊತ್ತು ಅಮ್ಮ ಅಲ್ಲಿ ಮುಖ ತೋರಿಸಲೇಬೇಕು. ಹಾಲು ಅಳೆಯುವವರಿಗೆ ನಿಮ್ಮ ನಂಬರ್ ಕೊಟ್ಟು, ‘ಅಮ್ಮ ಏಳೂವರೆಯೊಳಗೆ ಬರದಿದ್ದರೆ ಒಂದು ಫೋನ್ ಮಾಡಣ್ಣ’ ಅಂತ ಕೇಳಿಕೊಳ್ಳಿ. ಬೇಡ ಅನ್ನುವವರನ್ನು ನಾನು ನೋಡಿಲ್ಲ. ಹಸು ಬೇಕು ಅಂದಿದ್ದಕ್ಕೆ ಇದೂ ಒಂದು ಕಾರಣ.

ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಮೊದಲು ಶುರುವಾಗಿದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಅಮ್ಮನ ಹೆಸರು ಬರೆಸಿ. ಹಿರಿಯರ ಸಹಾಯವಾಣಿ 14567 ಕೂಡ ಫೋನಿನಲ್ಲಿ ಇರಲಿ. ಕಣ್ಣಿನ ಪೊರೆ ತೋರಿಸಿ ವರ್ಷವಾಗಿದ್ದರೆ ಅದನ್ನೂ ಮುಗಿಸಿ.

ಬಲವಂತವಾಗಿ ಕರೆತರುವುದು ಈಗ ಬೇಡ. ಹೊಸ ಮನೆಯಲ್ಲಿ ರಾತ್ರಿ ಕಕ್ಕಸಿನ ದಾರಿ ಗೊತ್ತಿರುವುದಿಲ್ಲ, ನುಣುಪು ಟೈಲ್ಸ್ ಬೇರೆ. ಆದರೆ ಒಲೆ ಆರಿಸಲು ಮರೆಯುತ್ತಿದ್ದರೆ, ಮಾತ್ರೆ ನುಂಗಿದೆನೋ ಇಲ್ಲವೋ ಗೊತ್ತಾಗದಿದ್ದರೆ, ಆರು ತಿಂಗಳಲ್ಲಿ ಎರಡು ಸಲ ಬಿದ್ದರೆ, ಆಗ ಒಬ್ಬರೇ ಇರುವಂತಿಲ್ಲ. ಈ ಮಾತನ್ನು ಅಮ್ಮನಿಗೇ ಈಗಲೇ ಹೇಳಿ ಒಪ್ಪಿಸಿ.

ಕಾಲಿಗೆ ಶಕ್ತಿ ಬರಲು ದಿನಾ ಎರಡು ಹೊತ್ತು, ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಆದಷ್ಟು ಕೈ ಊರದೆ ಹತ್ತು ಸಲ ಎದ್ದು ಕೂರಲಿ. ಆಗದಿದ್ದರೆ ಐದರಿಂದ ಶುರುಮಾಡಲಿ. ಹಾಲು ಕಾಯುವ ಹೊತ್ತಿನಲ್ಲಿ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ಶುರುಮಾಡುವ ಮುಂಚೆ ಒಂದು ಪರೀಕ್ಷೆ. ಕುರ್ಚಿಯಿಂದ ಹತ್ತು ಅಡಿ ದೂರಕ್ಕೆ ಸುಣ್ಣದಲ್ಲಿ ಗೆರೆ ಎಳೆಯಿರಿ. ಅಮ್ಮ ಎದ್ದು, ಮಾಮೂಲಿ ನಡಿಗೆಯಲ್ಲಿ ಗೆರೆವರೆಗೆ ಹೋಗಿ, ತಿರುಗಿ ಬಂದು ಕೂರಲಿ. ಫೋನಿನಲ್ಲಿ ಸೆಕೆಂಡು ಎಣಿಸಿ. 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಎರಡು ತಿಂಗಳು ಬಿಟ್ಟು ಅದೇ ಗೆರೆಯ ಮೇಲೆ ಮತ್ತೆ ನಡೆಸಿ, ಎರಡೂ ಸಂಖ್ಯೆಯನ್ನು ನನಗೆ ಬರೆದು ಕಳಿಸಿ. ಜೊತೆಗೆ ಮಲಗಿದಾಗಿನ, ನಿಂತಾಗಿನ ಬಿಪಿಯನ್ನೂ ಬರೆಯಿರಿ.